ಬೆಕ್ಕಿನ ಹೆಸರಿನ ಬೀಗ

ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದಿದ ಎಷ್ಟೋ ಮಂದಿಗೆ ಮೊದಲು ಬಾಯಿಪಾಠವಾದ ಡೇಟಾಬೇಸ್ ಪಾಸ್‌ವರ್ಡ್ ಅವರದ್ದಲ್ಲ, ಒಂದು ಬೆಕ್ಕಿನದು. ಚಪ್ಪಲಿ ಹೊರಗೆ ಬಿಟ್ಟು ಡಿಬಿಎಂಎಸ್ ಲ್ಯಾಬಿನೊಳಗೆ ಹೋಗಿ, ರೆಕಾರ್ಡ್ ಪುಸ್ತಕ ಪಕ್ಕಕ್ಕಿಟ್ಟು, ಕಪ್ಪು ಪರದೆಯ ಮೇಲೆ ‘ಎಸ್‌ಕ್ಯೂಎಲ್‌ಪ್ಲಸ್’ ಎಂದು ಟೈಪಿಸಿ, ಒಂದು ಸ್ಪೇಸ್ ಕೊಟ್ಟು, ‘ಸ್ಕಾಟ್/ಟೈಗರ್’ ಎಂದು ಹೊಡೆದು ಎಂಟರ್ ಒತ್ತಿದರೆ ಒರಾಕಲ್ ಡೇಟಾಬೇಸಿನ ಬಾಗಿಲು ತೆರೆದುಕೊಳ್ಳುತ್ತಿತ್ತು. ಒಳಗೆ ‘ಇಎಂಪಿ’ ಎಂಬ ಟೇಬಲ್. ಅದರಲ್ಲಿ 14 ಮಂದಿ ನೌಕರರು. 800 ಸಂಬಳದ ಗುಮಾಸ್ತ ಸ್ಮಿತ್, 5000 ಸಂಬಳದ ಪ್ರೆಸಿಡೆಂಟ್ ಕಿಂಗ್, ನಡುವೆ 3000 ಎಣಿಸಿಕೊಳ್ಳುವ ಅನಲಿಸ್ಟ್ ಸ್ಕಾಟ್. ದಶಕಗಳು ಕಳೆದರೂ ಇವರಲ್ಲಿ ಒಬ್ಬರಿಗೂ ಇಂಕ್ರಿಮೆಂಟ್ ಆಗಿಲ್ಲ.

ಈ ಸ್ಕಾಟ್ ಕಟ್ಟುಕತೆಯ ಮನುಷ್ಯನಲ್ಲ. 1977ರಲ್ಲಿ ಲ್ಯಾರಿ ಎಲಿಸನ್, ಬಾಬ್ ಮೈನರ್ ಮತ್ತು ಎಡ್ ಓಟ್ಸ್ ಸೇರಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಕಂಪನಿ ಮುಂದೆ ಒರಾಕಲ್ ಎಂದು ಹೆಸರಾಯಿತು. ಅಲ್ಲಿಗೆ ಕೆಲಸಕ್ಕೆ ಸೇರಿದ ಮೊದಮೊದಲ ಪ್ರೋಗ್ರಾಮರ್‌ಗಳಲ್ಲಿ ಬ್ರೂಸ್ ಸ್ಕಾಟ್ ಒಬ್ಬರು. ಮಾದರಿ ಖಾತೆಗೆ ಅವರ ಹೆಸರಿಟ್ಟರು. ಪಾಸ್‌ವರ್ಡ್ ಜಾಗಕ್ಕೆ ಅವರ ಮನೆಯ ಬೆಕ್ಕಿನ ಹೆಸರು ಬಂದು ಕೂತಿತು. ಬೆಕ್ಕಿನ ಹೆಸರೇ ಟೈಗರ್.

ಬೆಕ್ಕನ್ನು ಹುಲಿ ಎಂದು ಕರೆದದ್ದಿರಲಿ. ಆ ಸಾಲಿನಲ್ಲಿ ನಿಜಕ್ಕೂ ಗಮನಿಸಬೇಕಾದದ್ದು ನಡುವಿನ ಓರೆಗೆರೆ. ಎಡಕ್ಕೆ ಯಾರು ಎಂಬುದು, ಬಲಕ್ಕೆ ಗುಟ್ಟು, ಎರಡೂ ಒಂದೇ ಉಸಿರಿನಲ್ಲಿ, ಪರದೆಯ ಮೇಲೆ ಹಾಡಹಗಲಿನಂತೆ. ಪಾಸ್‌ವರ್ಡ್ ಹೊಡೆಯುವಾಗ ಯಾರಿಗೂ ಕಾಣಬಾರದು ಎಂಬ ಎಚ್ಚರ ಅದಕ್ಕಿಂತ ಬಹಳ ಹಿಂದೆಯೇ ಹುಟ್ಟಿತ್ತು. ಆ ಎಚ್ಚರ ಕೈಜಾರಿದ್ದು ಹೇಗೆ ಎನ್ನುವುದೇ ಇಲ್ಲಿನ ಕತೆ.

ಮೊದಲಿನಿಂದ ಬರೋಣ. 1961ರ ನವೆಂಬರಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೋರ್ಬಾಟೊ ಮತ್ತು ಸಂಗಡಿಗರು ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಮೊದಲ ಬಾರಿ ಓಡಿಸಿ ತೋರಿಸಿದರು. ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ಏರ್ಪಾಡು ಅದು. ಹಲವರು ಬಂದ ಮೇಲೆ ಯಾರ ಕಡತ ಯಾರದು, ಯಾರಿಗೆ ಎಷ್ಟು ಹೊತ್ತು ಎಂಬ ಲೆಕ್ಕ ಬೇಕಾಯಿತು, ಪಾಸ್‌ವರ್ಡ್ ಬಂತು. ಆಗ ಪರದೆ ಇರಲಿಲ್ಲ, ಟೈಪ್‌ರೈಟರಿನಂಥ ಟರ್ಮಿನಲ್ ಇತ್ತು. ಒತ್ತಿದ ಅಕ್ಷರವೆಲ್ಲ ಕಾಗದದ ಮೇಲೆ ಬೀಳುತ್ತಿತ್ತು. ಹಾಗಾಗಿ ಲಾಗಿನ್ ಆಗುವಾಗ ಯಂತ್ರ ‘ಪಾಸ್‌ವರ್ಡ್’ ಎಂದು ಕೇಳಿ, ಸಾಧ್ಯವಿದ್ದಲ್ಲೆಲ್ಲ ಅಚ್ಚೊತ್ತುವ ಭಾಗವನ್ನು ಆ ಒಂದು ಕ್ಷಣಕ್ಕೆ ನಿಲ್ಲಿಸಿಬಿಡುತ್ತಿತ್ತು. ಬೆರಳು ಓಡುತ್ತಿತ್ತು, ಕಾಗದ ಖಾಲಿ ಇರುತ್ತಿತ್ತು. ಇವತ್ತಿಗೂ ಲಿನಕ್ಸ್ ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಹೊಡೆದಾಗ ಕರ್ಸರ್ ಕದಲದೆ ನಿಂತು, ಹೊಸಬರು ಕೀಬೋರ್ಡ್ ಕೆಟ್ಟಿದೆಯೇನೋ ಎಂದು ಗಾಬರಿಯಾಗುತ್ತಾರಲ್ಲ, ಆ ನಡವಳಿಕೆಯ ಮೂಲಪುರುಷ ಈ ಟೈಪ್‌ರೈಟರೇ.

ಆದರೆ ಹೊಡೆಯುವಾಗ ಮುಚ್ಚಿಟ್ಟದ್ದನ್ನು ಒಳಗೆ ತೆರೆದಿಟ್ಟಿದ್ದರು. ಎಲ್ಲರ ಪಾಸ್‌ವರ್ಡೂ ಒಂದೇ ಕಡತದಲ್ಲಿ, ಇದ್ದದ್ದು ಇದ್ದ ಹಾಗೆ. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ಕೊಟ್ಟಿದ್ದ ನಾಲ್ಕು ಗಂಟೆ ಸಾಲದಾಯಿತು. ಕಡತದ ಹೆಸರು ಬರೆದ ಪಂಚ್ ಕಾರ್ಡ್ ಕೊಟ್ಟರೆ ಅದನ್ನು ಅಚ್ಚು ಹಾಕಿಕೊಡುವ ಸೌಲಭ್ಯ ಅಲ್ಲಿತ್ತು. ಶೆರ್ ಪಾಸ್‌ವರ್ಡ್ ಕಡತದ ಹೆಸರನ್ನೇ ಬರೆದುಕೊಟ್ಟು, ಮುದ್ರಿತ ಹಾಳೆಗಳನ್ನು ಎತ್ತಿಕೊಂಡು ಬಂದರು! ತಾನೊಬ್ಬನೇ ಬಳಸಿದರೆ ಸಿಕ್ಕಿಬೀಳುವ ಭಯಕ್ಕೆ ಇನ್ನೂ ಕೆಲವರಿಗೆ ಹಂಚಿದರು. ಶೆರ್ ಬಹಳ ವರ್ಷಗಳ ಮೇಲೆ ಹೇಳಿಕೊಂಡಂತೆ, ಹಾಗೆ ಪಡೆದವರಲ್ಲಿ ಒಬ್ಬರು ಮುಂದೆ ಇಂಟರ್ನೆಟ್ಟಿನ ಪೂರ್ವಜರೆನಿಸಿದ ಜೆ.ಸಿ.ಆರ್. ಲಿಕ್‌ಲೈಡರ್. ಅವರು ಮಾಡಿದ ಕೆಲಸವೆಂದರೆ ಅಲ್ಲಿನ ನಿರ್ದೇಶಕ ರಾಬರ್ಟ್ ಫ್ಯಾನೋ ಅವರ ಖಾತೆಗೆ ನುಗ್ಗಿ ಕೀಟಲೆಯ ಸಂದೇಶ ಬಿಟ್ಟು ಬರುವುದು.

1966ರಲ್ಲಿ ಅದೇ ಯಂತ್ರದಲ್ಲಿ ಇನ್ನೊಂದು ಅವಾಂತರ. ಒಬ್ಬ ಆಪರೇಟರ್ ಪಾಸ್‌ವರ್ಡ್ ಕಡತ ತಿದ್ದುತ್ತಿದ್ದಾಗಲೇ ಇನ್ನೊಬ್ಬರು ‘ಇಂದಿನ ಸೂಚನೆ’ ಕಡತ ತಿದ್ದುತ್ತಿದ್ದರು. ಸಂಪಾದಕ ತಂತ್ರಾಂಶ ಎರಡಕ್ಕೂ ಒಂದೇ ಹೆಸರಿನ ತಾತ್ಕಾಲಿಕ ಕಡತ ಬಳಸುತ್ತಿತ್ತು. ಅದಲುಬದಲಾಯಿತು. ಲಾಗಿನ್ ಆದವರಿಗೆಲ್ಲ ಇಂದಿನ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡ್ ಪಟ್ಟಿ ಅಚ್ಚಾಗತೊಡಗಿತು. ಅದು ಶುಕ್ರವಾರ ಸಂಜೆ ಐದರ ಹೊತ್ತು ಎಂದು ಕೋರ್ಬಾಟೊ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ನೆನೆದಿದ್ದಾರೆ. ಶುಕ್ರವಾರ ಸಂಜೆ ಸರ್ವರ್ ಮುಟ್ಟಬೇಡ ಎಂದು ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಈಗಲೂ ಹೇಳುವ ಮಾತಿಗೆ ಇಷ್ಟು ಹಳೆಯ ಸಾಕ್ಷಿ ಇನ್ನೊಂದು ಸಿಗಲಾರದು.

ಒಳಗಿನ ಕಡತಕ್ಕೆ ಮದ್ದು ಹುಡುಕಿದ್ದು ಇಂಗ್ಲೆಂಡಿನ ಕೇಂಬ್ರಿಜ್. ಟೈಟನ್ ಯಂತ್ರದ ಮೇಲೆ ರೋಜರ್ ನೀಡಮ್ ಮತ್ತು ಮೈಕ್ ಗೈ, ಪಾಸ್‌ವರ್ಡನ್ನು ಅರೆದು ಇಡುವ ದಾರಿ ಕಂಡರು. ದೋಸೆ ಹಿಟ್ಟಿನಿಂದ ಅಕ್ಕಿ ವಾಪಸ್ ತೆಗೆಯಲಾಗದಂತೆ, ಅರೆದದ್ದರಿಂದ ಮೂಲ ಹೊರಡದು. ಲಾಗಿನ್ ಆಗುವವರು ಕೊಟ್ಟದ್ದನ್ನೂ ಅದೇ ಕಲ್ಲಿನಲ್ಲಿ ಅರೆದು ಎರಡೂ ಒಂದೇ ಇವೆಯೇ ಎಂದು ನೋಡಿದರೆ ಮುಗಿಯಿತು. ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯುನಿಕ್ಸ್ ಇದನ್ನೇ ಬೆಳೆಸಿತು. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಬರೆದ ಪ್ರಬಂಧದಲ್ಲಿ ಒಂದು ಎಣಿಕೆ ಇದೆ. ಕಲೆಹಾಕಿದ 3,289 ಪಾಸ್‌ವರ್ಡ್‌ಗಳಲ್ಲಿ 15 ಒಂದೇ ಅಕ್ಷರದವು, 72 ಎರಡಕ್ಷರದವು, 464 ಮೂರಕ್ಷರದವು. ನಿಘಂಟಿನಲ್ಲೋ ಹೆಸರುಗಳ ಪಟ್ಟಿಯಲ್ಲೋ ಹುಡುಕಿದರೆ ಸಿಗುವಂಥವು 492. ಇಂಥ ಇನ್ನೂ ಕೆಲವು ಬಗೆಯವು ಸೇರಿ, ಎಲ್ಲ ಕೂಡಿ ಶೇ 86ರಷ್ಟು ಸುಲಭಕ್ಕೆ ಸಿಕ್ಕುವಂಥವೇ.

ಥಾಂಪ್ಸನ್ ಅವರ ಸ್ವಂತ ಪಾಸ್‌ವರ್ಡ್ ಮಾತ್ರ ಗಟ್ಟಿ ಪಿಂಡ. ಬರ್ಕ್ಲಿ ಯುನಿಕ್ಸಿನ ಹಳೆಯ ಕಡತವೊಂದರಲ್ಲಿ ಅದರ ಅರೆದ ರೂಪ ಉಳಿದುಕೊಂಡಿತ್ತು. ಅದೇ ಪಟ್ಟಿಯ ಡೆನಿಸ್ ರಿಚಿ, ಬ್ರಯನ್ ಕರ್ನಿಗನ್ ಮುಂತಾದವರ ಪಾಸ್‌ವರ್ಡ್ ಸುಲಭವಾಗಿ ಬಿಚ್ಚಿಕೊಂಡವು. ಥಾಂಪ್ಸನ್ ಅವರದು ಬಿಡಿಸಿಕೊಂಡದ್ದು 2019ರ ಅಕ್ಟೋಬರಿನಲ್ಲಿ, ಗ್ರಾಫಿಕ್ಸ್ ಕಾರ್ಡೊಂದು ನಾಲ್ಕು ದಿನಕ್ಕೂ ಹೆಚ್ಚು ಹೊತ್ತು ತಿಣುಕಿದ ಮೇಲೆ. ‘ಪಿ/ಕ್ಯೂ2-ಕ್ಯೂ4!’ ಎಂಬ ಆ ಎಂಟು ಅಕ್ಷರ, ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದೂಡುವ ಚದುರಂಗದ ಮೊದಲ ನಡೆ.

ಇಲ್ಲಿಯವರೆಗೆ ಪಾಸ್‌ವರ್ಡ್ ಹೊಡೆಯುತ್ತಿದ್ದುದು ಮನುಷ್ಯ. ಕೀಬೋರ್ಡಿನ ಮುಂದೆ ಕೂತಿರುತ್ತಾನೆ, ಯಂತ್ರ ಕೇಳುತ್ತದೆ, ಅವನು ಕೊಡುತ್ತಾನೆ. ಡೇಟಾಬೇಸ್ ಬಂದ ಮೇಲೆ ಕೇಳುವವರ ಎದುರು ನಿಂತದ್ದು ಇನ್ನೊಂದು ಪ್ರೋಗ್ರಾಮ್. ಸಂಬಳದ ಪಟ್ಟಿ ತಯಾರಿಸುವ ಪ್ರೋಗ್ರಾಮ್, ರಾತ್ರಿ ಎರಡಕ್ಕೆದ್ದು ಬ್ಯಾಕಪ್ ತೆಗೆಯುವ ಕ್ರಾನ್ ಕೆಲಸ, ಹಗಲಿರುಳು ಓಡುವ ವೆಬ್‌ಸೈಟ್. ಇವುಗಳಿಗೆ ನೆನಪಿಲ್ಲ, ಪಾಸ್‌ವರ್ಡ್ ಎಂದು ಕೇಳಿದರೆ ಬಾಯಿಬಿಟ್ಟು ಹೇಳಲು ಪಕ್ಕದಲ್ಲಿ ಯಾರೂ ಇಲ್ಲ. ಯಾರೋ ಮೊದಲೇ ಚೀಟಿ ಬರೆದಿಟ್ಟು ಹೋಗಬೇಕು. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಇಲ್ಲವೆಂದು ಬೀಗದ ಕೈಯನ್ನು ಮೀಟರ್ ಬೋರ್ಡ್ ಮೇಲೋ, ಶೂ ಸ್ಟ್ಯಾಂಡಿನ ಹಳೇ ಚಪ್ಪಲಿಯೊಳಗೋ ಇಟ್ಟುಹೋಗುವ ತಾಪತ್ರಯವೇ ಇದು. ಎಲ್ಲಿಟ್ಟರೆ ಮಕ್ಕಳಿಗೆ ಸಿಗಬೇಕು, ಕಳ್ಳನಿಗೆ ಸಿಗಬಾರದು?

ಮೊದಲು ಹೊಳೆದ ಜಾಗ ಕಮಾಂಡ್ ಲೈನೇ. ಪ್ರೋಗ್ರಾಮನ್ನು ಕರೆಯುವ ಸಾಲಿನಲ್ಲೇ ಪಾಸ್‌ವರ್ಡನ್ನೂ ಬರೆದುಬಿಡುವುದು. ಸ್ಕ್ರಿಪ್ಟಿಗೆ ಅನುಕೂಲ, ಕೈಗೂ ಅನುಕೂಲ. ಆದರೆ ಯುನಿಕ್ಸಿನಲ್ಲಿ ‘ಪಿಎಸ್’ ಎಂಬ ಎರಡಕ್ಷರದ ಆಜ್ಞೆಯೊಂದಿದೆ. ಈ ಯಂತ್ರದಲ್ಲಿ ಯಾರು ಏನು ಓಡಿಸುತ್ತಿದ್ದಾರೆ ಎಂದು ಕೇಳಿದರೆ, ಓಡಿಸಿದ ಪೂರ್ತಿ ಸಾಲನ್ನೇ ತೋರಿಸಬಲ್ಲದು. ಒಂದೇ ಸರ್ವರಿನಲ್ಲಿ ಐವತ್ತು ಜನ ಲಾಗಿನ್ ಆಗಿದ್ದ ಕಾಲದಲ್ಲಿ ಐವತ್ತರಲ್ಲಿ ಯಾರು ಬೇಕಾದರೂ ‘ಪಿಎಸ್’ ಹೊಡೆದು ಪಕ್ಕದವನ ಓರೆಗೆರೆಯ ಬಲಕ್ಕೇನಿದೆ ಎಂದು ಓದಬಹುದಿತ್ತು. ಸಾಲದ್ದಕ್ಕೆ ಆಜ್ಞೆಗಳನ್ನು ಓದಿ ನಡೆಸುವ ಶೆಲ್‌ಗಳು ಹೊಡೆದದ್ದನ್ನೆಲ್ಲ ಹಿಸ್ಟರಿ ಕಡತದಲ್ಲಿ ಬರೆದಿಡುವ ಅಭ್ಯಾಸ ಕಲಿತವು. ಟೈಪ್‌ರೈಟರಿನ ಕಾಲದಲ್ಲಿ ಒಂದು ಕ್ಷಣ ಕಾಗದಕ್ಕೆ ಬೀಳದಂತೆ ನೋಡಿಕೊಂಡಿದ್ದ ಗುಟ್ಟು ಈಗ ಡಿಸ್ಕಿನಲ್ಲಿ ವರ್ಷಗಟ್ಟಲೆ ಉಳಿಯತೊಡಗಿತು.

ಇದರ ಅತಿ ಚೆಂದದ ಉದಾಹರಣೆ ಮೈಎಸ್‌ಕ್ಯೂಎಲ್. ಸ್ವೀಡನ್ನಿನ ಕಂಪನಿಯೊಂದರಲ್ಲಿ 1995ರಲ್ಲಿ ಹುಟ್ಟಿದ ಈ ಡೇಟಾಬೇಸಿನ ಹೆಸರಿನಲ್ಲಿರುವ ‘ಮೈ’, ಅದರ ನಿರ್ಮಾತೃಗಳಲ್ಲೊಬ್ಬರಾದ ಮಾಂಟಿ ವಿಡೇನಿಯಸ್ ಅವರ ಮಗಳ ಹೆಸರು. ಬೆಕ್ಕಿನ ನಂತರ ಮಗಳು. ಈ ಕಸುಬಿನವರು ಮನೆಯನ್ನು ಕಚೇರಿಗೆ ತರುವುದರಲ್ಲಿ ನಿಸ್ಸೀಮರು. ಹಳೆಯ ಆವೃತ್ತಿಗಳಲ್ಲಿ ಮೈಎಸ್‌ಕ್ಯೂಎಲ್ ಸ್ಥಾಪಿಸಿದಾಗ ಒಡೆಯನ ಖಾತೆಯಾದ ‘ರೂಟ್’ಗೆ ಪಾಸ್‌ವರ್ಡೇ ಇರುತ್ತಿರಲಿಲ್ಲ. ಸ್ಥಾಪನೆ ಮುಗಿಯುತ್ತಲೇ ಪರದೆಯ ಮೇಲೆ ದೊಡ್ಡಕ್ಷರದ ಸೂಚನೆಯೊಂದು ಮೂಡುತ್ತಿತ್ತು: ರೂಟ್‌ಗೆ ಪಾಸ್‌ವರ್ಡ್ ಇಡಲು ಮರೆಯಬೇಡಿ ಎಂದು. ಅದರ ಕೆಳಗೇ, ಹೇಗೆ ಇಡಬೇಕೆಂಬ ಆಜ್ಞೆ: ‘ಮೈಎಸ್‌ಕ್ಯೂಎಲ್‌ಅಡ್ಮಿನ್ -ಯು ರೂಟ್ ಪಾಸ್‌ವರ್ಡ್’, ಅದರ ಮುಂದೆ ಉದ್ಧರಣ ಚಿಹ್ನೆಯೊಳಗೆ ಹೊಸ ಪಾಸ್‌ವರ್ಡ್. ವಿಧೇಯರಾದವರು ಅದನ್ನು ಅಕ್ಷರಶಃ ಪಾಲಿಸಿದರು. ಬೀಗ ಹಾಕುವ ಕ್ರಮವೇ ಬೀಗದ ಕೈಯ ಅಚ್ಚನ್ನು ಹಿಸ್ಟರಿ ಕಡತದಲ್ಲಿ ಒತ್ತಿಟ್ಟಿತು.

ದಿನನಿತ್ಯದ ಬಳಕೆಯ ಸಾಲಿನಲ್ಲಿ ಇನ್ನೊಂದು ತಮಾಷೆಯಿದೆ. ಚಿಕ್ಕ ‘ಪಿ’ ಎಂದರೆ ಪಾಸ್‌ವರ್ಡ್, ದೊಡ್ಡ ‘ಪಿ’ ಎಂದರೆ ಪೋರ್ಟ್. ಚಿಕ್ಕ ‘ಪಿ’ಗೆ ಅಂಟಿಕೊಂಡಂತೆ, ಸ್ಪೇಸ್ ಕೊಡದೆ ಪಾಸ್‌ವರ್ಡ್ ಬರೆಯಬೇಕು. ಸ್ಪೇಸ್ ಕೊಟ್ಟಿರೋ, ಮೈಎಸ್‌ಕ್ಯೂಎಲ್ ಆ ಪದವನ್ನು ಡೇಟಾಬೇಸಿನ ಹೆಸರೆಂದು ತಿಳಿದು, ಪಾಸ್‌ವರ್ಡ್ ಏನು ಎಂದು ಮತ್ತೆ ಕೇಳುತ್ತದೆ. ಹೊಸಬರು ಎಡವುವ ಕಲ್ಲು ಇದು. ಏನೂ ಬರೆಯದೆ ಬರಿಯ ‘-ಪಿ’ ಎಂದು ಬಿಟ್ಟರೆ ಮಾತ್ರ ಕಾಣದಂತೆ ಕೇಳುವ ಹಳೆಯ ಮರ್ಯಾದೆ ಮರಳುತ್ತದೆ.

ತಯಾರಕರಿಗೂ ಅಪಾಯ ಗೊತ್ತಿತ್ತು. ಆದ್ದರಿಂದ ಮೈಎಸ್‌ಕ್ಯೂಎಲ್ ಕ್ಲೈಂಟ್ ಎದ್ದ ಕೂಡಲೇ ತನ್ನದೇ ಕಮಾಂಡ್ ಸಾಲಿನಲ್ಲಿರುವ ಪಾಸ್‌ವರ್ಡನ್ನು ಅಳಿಸಿಕೊಳ್ಳುತ್ತದೆ. ಬಾಯಿತಪ್ಪಿ ಆಡಿದ್ದಕ್ಕೆ ಕೈಯಡ್ಡ ಹಿಡಿದ ಹಾಗೆ. ಅಳಿಸುವ ಮುಂಚಿನ ಒಂದು ಚಿಟಿಕೆಯ ಹೊತ್ತು ಅದು ‘ಪಿಎಸ್’ಗೆ ಕಾಣುತ್ತದೆಂದು ಕೈಪಿಡಿಯೇ ಒಪ್ಪಿಕೊಂಡಿದೆ. 2013ರಲ್ಲಿ ಬಂದ 5.6ನೇ ಆವೃತ್ತಿಯಿಂದ, ಸಾಲಿನಲ್ಲೇ ಪಾಸ್‌ವರ್ಡ್ ಕೊಟ್ಟರೆ ಅದು ಸುರಕ್ಷಿತವಲ್ಲದಿರಬಹುದು ಎಂಬ ಎಚ್ಚರಿಕೆ ಮೂಡತೊಡಗಿತು. ರಾತ್ರಿಯ ಬ್ಯಾಕಪ್ ಸ್ಕ್ರಿಪ್ಟುಗಳು ದಿನಾ ಬೆಳಗ್ಗೆ ಅದೇ ಎಚ್ಚರಿಕೆಯನ್ನು ಅಡ್ಮಿನ್‌ಗಳ ಇ-ಮೇಲಿಗೆ ಸುರಿದವು. ಬಹಳ ಮಂದಿ ಕಂಡುಕೊಂಡ ಪರಿಹಾರ, ಎಚ್ಚರಿಕೆಯ ಸಾಲನ್ನು ಸೋಸಿ ಎಸೆಯುವುದು!

ಇದೇ ಆವೃತ್ತಿ ಪಾಸ್‌ವರ್ಡನ್ನು ಗೂಢಲಿಪಿಯಲ್ಲಿ ಬಚ್ಚಿಡುವ ‘ಮೈಲಾಗಿನ್’ ಕಡತವನ್ನೂ ತಂದಿತು. ಬಿಚ್ಚುವ ಕೀಲಿ ಎಲ್ಲಿದೆ ಎಂದರೆ ಅದೇ ಕಡತದ ಆರಂಭದಲ್ಲಿ. ಇದು ಮೂರ್ಖತನವೆಂದು ನಗುವ ಮೊದಲು ಇನ್ನೆಲ್ಲಿ ಇಡಬಹುದಿತ್ತು ಎಂದು ಒಮ್ಮೆ ಯೋಚಿಸಬೇಕು. ಭುಜದ ಹಿಂದೆ ನಿಂತವನ ಕಣ್ಣಿಂದ ತಪ್ಪಿಸಲಷ್ಟೇ ಆ ಏರ್ಪಾಡು.

ಇನ್ನೊಂದು ಡೇಟಾಬೇಸಾದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಈ ವಿಚಾರದಲ್ಲಿ ಸಂಪ್ರದಾಯಸ್ಥ ಮನೆತನ. ಅದರ ‘ಪಿಎಸ್‌ಕ್ಯೂಎಲ್’ ಆಜ್ಞೆಗೆ ಪಾಸ್‌ವರ್ಡನ್ನು ಬರೆದುಕೊಡಲೆಂದೇ ಒಂದು ಆಯ್ಕೆ ಇಲ್ಲವೇ ಇಲ್ಲ. ಚಿಕ್ಕ ‘ಪಿ’ ಅಲ್ಲಿ ಪೋರ್ಟ್. ಚೀಟಿ ಇಡುವುದಾದರೆ ಬಳಕೆದಾರನ ಸ್ವಂತ ಡೈರೆಕ್ಟರಿಯ ‘ಪಿಜಿಪಾಸ್’ ಕಡತದಲ್ಲಿ, ಸರ್ವರ್, ಪೋರ್ಟ್, ಡೇಟಾಬೇಸ್, ಹೆಸರು, ಪಾಸ್‌ವರ್ಡ್ ಎಂದು ಐದು ಕಲಮಿನ ಒಂದು ಸಾಲಾಗಿ ಇಡಬೇಕು. ಆ ಕಡತವನ್ನು ಬೇರೆ ಯಾರಾದರೂ ಓದುವಂತಿದ್ದರೆ, ಅಂದರೆ ಅನುಮತಿ 600ಕ್ಕಿಂತ ಸಡಿಲವಿದ್ದರೆ, ಯುನಿಕ್ಸ್ ಯಂತ್ರಗಳಲ್ಲಿ ಪೋಸ್ಟ್‌ಗ್ರೆಸ್ ಅದನ್ನು ಮೂಸಿಯೂ ನೋಡುವುದಿಲ್ಲ. ಹೊಸ ಪಾಸ್‌ವರ್ಡ್ ಇಡುವುದಕ್ಕೂ ‘\ಪಾಸ್‌ವರ್ಡ್’ ಎಂಬ ಪ್ರತ್ಯೇಕ ಆಜ್ಞೆಯಿದೆ. ಎರಡು ಸಲ ಕಾಣದಂತೆ ಕೇಳಿ, ಈ ಬದಿಯಲ್ಲೇ ಅರೆದು, ಅರೆದದ್ದನ್ನಷ್ಟೇ ಸರ್ವರಿಗೆ ಕಳಿಸುತ್ತದೆ. ಹಿಸ್ಟರಿಯಲ್ಲೂ ಸರ್ವರಿನ ಲಾಗಿನಲ್ಲೂ ಮೂಲ ಉಳಿಯದು. ಕೇಂಬ್ರಿಜ್‌ನ ಅರೆಯುವ ಕಲ್ಲು ಮತ್ತು ಎಂಐಟಿಯ ಮೌನದ ಟೈಪ್‌ರೈಟರ್ ಎರಡೂ ಒಂದೇ ಆಜ್ಞೆಯಲ್ಲಿ ಕೂಡಿಕೊಂಡದ್ದು ಹೀಗೆ.

ಪಾಸ್‌ವರ್ಡನ್ನು ಎಲ್ಲಿಡಬೇಕೆಂದು ಚರ್ಚಿಸುವವರು ಒಂದು ಕಡೆ, ಇಡಲೇ ಇಲ್ಲದವರು ಇನ್ನೊಂದು ಕಡೆ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರಿನ ಒಡೆಯ ಖಾತೆ ‘ಎಸ್‌ಎ’. ಅದನ್ನು ಖಾಲಿ ಪಾಸ್‌ವರ್ಡಿನಲ್ಲೇ ಬಿಟ್ಟಿದ್ದ ಸರ್ವರ್‌ಗಳನ್ನು ಹುಡುಕಿಕೊಂಡು 2002ರ ಮೇ ತಿಂಗಳಲ್ಲಿ ‘ಸ್ಪೈಡಾ’ ಎಂಬ ಹುಳು ಊರೂರು ಸುತ್ತಿತು. ಅದಕ್ಕೆ ಬೀಗ ಒಡೆಯುವ ವಿದ್ಯೆಯೇ ಬೇಕಾಗಿರಲಿಲ್ಲ, ಬಾಗಿಲು ತಳ್ಳಿದರೆ ಸಾಕಿತ್ತು. ಹದಿನೈದು ವರ್ಷದ ಮೇಲೆ, 2017ರ ಜನವರಿಯಲ್ಲಿ, ಲಾಗಿನ್ ಇಲ್ಲದೆ ಇಂಟರ್ನೆಟ್ಟಿಗೆ ತೆರೆದಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸ್‌ಗಳನ್ನು ಕಳ್ಳರು ಗುಡಿಸಿ, ದುಡ್ಡು ಕೊಟ್ಟರೆ ವಾಪಸ್ ಎಂಬ ಚೀಟಿ ಬಿಟ್ಟುಹೋದರು. 2015ರ ಕೊನೆಗೆ ಬಂದ ಮೈಎಸ್‌ಕ್ಯೂಎಲ್ 5.7 ಖಾಲಿ ಬಾಗಿಲಿನ ಪದ್ಧತಿ ನಿಲ್ಲಿಸಿತು. ಸ್ಥಾಪಿಸುವಾಗ ತಾನೇ ಒಂದು ಅಡ್ಡಾದಿಡ್ಡಿ ಪಾಸ್‌ವರ್ಡ್ ಸೃಷ್ಟಿಸಿ ಎರರ್ ಲಾಗಿನಲ್ಲಿ ಬರೆದಿಡುತ್ತದೆ. ಲಾಗ್ ಕೆದಕಿ, ‘ಟೆಂಪರರಿ ಪಾಸ್‌ವರ್ಡ್’ ಎಂಬ ಸಾಲು ಹುಡುಕಿ, ಒಳಹೊಕ್ಕು, ಬದಲಾಯಿಸುವವರೆಗೆ ಬೇರೆ ಯಾವ ಕೆಲಸಕ್ಕೂ ಬಿಡದು.

ಪಾಸ್‌ವರ್ಡಿನ ಸಹವಾಸವೇ ಬೇಡವೆಂಬ ಪಂಥವೂ ಹಳೆಯದೇ. ಒಂದೇ ಯಂತ್ರದಲ್ಲಿರುವ ಸೇವೆಗೆ ಆಪರೇಟಿಂಗ್ ಸಿಸ್ಟಮ್ಮೇ ಜಾಮೀನು ನಿಲ್ಲುವ ಕ್ರಮ ಪೋಸ್ಟ್‌ಗ್ರೆಸ್ಸಿನಲ್ಲಿದೆ, ಅದಕ್ಕೆ ‘ಪಿಯರ್’ ಎನ್ನುತ್ತಾರೆ. ಒರಾಕಲ್‌ನಲ್ಲೂ ಬರಿಯ ಓರೆಗೆರೆ ಹಾಕಿ, ಎಡಬಲ ಎರಡೂ ಖಾಲಿ ಬಿಟ್ಟು ಒಳಹೋಗುವ ದಾರಿಯಿದೆ. ಊರಿನ ಅಂಗಡಿಯಲ್ಲಿ ‘ಇವನು ಇಂಥವರ ಮಗ’ ಎಂದರೆ ಉದ್ರಿ ಕೊಡುವಂತೆ. ಊರು ಬಿಟ್ಟರೆ ಆ ಮಾತು ನಡೆಯದು, ಯಂತ್ರ ಬೇರೆಯಾದರೆ ಈ ಜಾಮೀನೂ ನಡೆಯದು.

ಕರ್ನಾಟಕದ ‘ಭೂಮಿ’ ಯೋಜನೆ ಇನ್ನೊಂದು ಬದಿಯಿಂದ ಪಾಸ್‌ವರ್ಡನ್ನು ಕೈಬಿಡುವ ಈ ಕೆಲಸಕ್ಕೇ ಕೈಹಾಕಿತು. ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪ್ರತಿ ಕೊಡತೊಡಗಿದ್ದು 2000ದ ಆಸುಪಾಸಿನಲ್ಲಿ. ಖಾತೆ ಬದಲಾವಣೆ ಮಾಡುವ ಅಧಿಕಾರಿ ಲಾಗಿನ್ ಆಗಲು ಬೆರಳಚ್ಚು ಒತ್ತಬೇಕೆಂಬ ಏರ್ಪಾಡು ಮಾಡಿದರು. ಪಾಸ್‌ವರ್ಡ್ ಆದರೆ ಚೀಟಿಯಲ್ಲಿ ಬರೆದು ಅಟೆಂಡರ್ ಕೈಗೆ ಕೊಡಬಹುದು, ನಾಳೆ ‘ನಾನಲ್ಲ ಮಾಡಿದ್ದು’ ಎನ್ನಬಹುದು. ಬೆರಳು ಕೊಟ್ಟುಹೋಗಲಾಗದು. ಜಮೀನಿನ ವ್ಯಾಜ್ಯ ಕಂಡ ಯಾರಿಗೂ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಆದರೆ ಬೆರಳಿರುವುದು ಮನುಷ್ಯನಿಗೆ. ರಾತ್ರಿ ಎರಡರ ಕ್ರಾನ್ ಕೆಲಸಕ್ಕೆ ಬೆರಳೆಲ್ಲಿಂದ ತರುವುದು?

2011ರಲ್ಲಿ ಹೆರೋಕು ಕಂಪನಿಯ ಆಡಮ್ ವಿಗಿನ್ಸ್ ಮತ್ತಿತರರು ಇಂಥ ಬೆರಳಿಲ್ಲದ ಪ್ರೋಗ್ರಾಮ್‌ಗಳನ್ನು ಕಟ್ಟುವ ಹನ್ನೆರಡು ಸೂತ್ರಗಳ ಒಂದು ಪ್ರಣಾಳಿಕೆ ಬರೆದರು. ಅದರ ಮೂರನೆಯ ಸೂತ್ರ, ಪಾಸ್‌ವರ್ಡಿನಂಥ ಸಂರಚನೆಯ ವಿವರಗಳನ್ನು ಕೋಡಿನಲ್ಲಿ ಹುಗಿಯಬೇಡಿ, ಪ್ರೋಗ್ರಾಮಿಗೆ ಹೊರಗಿನಿಂದ ಸಿಗುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿಡಿ ಎಂಬುದು. ಕೋಡಿನಲ್ಲಿ ಹುಗಿದವರ ಪಾಡು ಕಂಡದ್ದೇ. 2016ರಲ್ಲಿ ಊಬರ್‌ನ ಖಾಸಗಿ ಗಿಟ್‌ಹಬ್ ಭಂಡಾರಕ್ಕೆ ನುಗ್ಗಿದವರಿಗೆ ಅಲ್ಲಿ ಅಮೆಜಾನ್ ಕ್ಲೌಡಿನ ಕೀಲಿ ಸಿಕ್ಕಿ, 5.7 ಕೋಟಿ ಜನರ ಮಾಹಿತಿ ಹೊರಬಿತ್ತು. ಎನ್ವಿರಾನ್‌ಮೆಂಟಿನಲ್ಲಿಟ್ಟರೆ ಅದು ತಪ್ಪುತ್ತದೆ ನಿಜ. ಆದರೆ ತಂತ್ರಾಂಶವನ್ನು ಕಂಟೇನರ್ ಎಂಬ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್ ಬಂದ ಮೇಲೆ ಮೈಎಸ್‌ಕ್ಯೂಎಲ್ ಕಂಟೇನರ್ ಎಬ್ಬಿಸುವವರೆಲ್ಲ ರೂಟ್ ಪಾಸ್‌ವರ್ಡನ್ನು ‘-ಇ’ ಎಂಬ ಆಯ್ಕೆಯ ಮುಂದೆ ಹೊಡೆಯತೊಡಗಿದರು. ಮತ್ತದೇ ಕಮಾಂಡ್ ಸಾಲು, ಮತ್ತದೇ ಹಿಸ್ಟರಿ. ಮೇಲಾಗಿ ‘ಡಾಕರ್ ಇನ್‌ಸ್ಪೆಕ್ಟ್’ ಎಂದರೆ ಅದು ಪಟ್ಟಿಯಲ್ಲಿ ಹಲ್ಲು ಕಿರಿಯುತ್ತದೆ. ಇಂಥ ಕಂಟೇನರ್‌ಗಳನ್ನು ನಿಭಾಯಿಸುವ ಕುಬರ್ನೆಟೀಸ್ ‘ಸೀಕ್ರೆಟ್’ ಎಂದು ಗಂಭೀರ ಹೆಸರಿಟ್ಟು ಕೊಡುವುದು ಬೇಸ್64ರಲ್ಲಿ. ಅದು ಬರಿಯ ಲಿಪಿ ಬದಲಾವಣೆ, ಒಂದೇ ಆಜ್ಞೆಯಲ್ಲಿ ವಾಪಸ್ ಓದಬಹುದು. ಮೂಟೆ ಕಟ್ಟುವುದು ಬೇರೆ, ಬೀಗ ಹಾಕುವುದು ಬೇರೆ.

2015ರಲ್ಲಿ ಹ್ಯಾಶಿಕಾರ್ಪ್ ಹೊರತಂದ ‘ವಾಲ್ಟ್’ ಬೇರೆಯೇ ಹಾದಿ ಹಿಡಿಯಿತು. ಸೇವೆ ಬಂದು ಕೇಳಿದಾಗ ಡೇಟಾಬೇಸಿನಲ್ಲಿ ಆ ಕ್ಷಣಕ್ಕೊಂದು ಹೊಸ ಖಾತೆ ಸೃಷ್ಟಿಸಿ, ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು, ಗಡುವು ಮುಗಿದ ಮೇಲೆ ಖಾತೆಯನ್ನೇ ಅಳಿಸಿಬಿಡುವುದು. ಕದ್ದರೂ ಗಡುವು ದಾಟಿದ ಮೇಲೆ ಉಪಯೋಗವಿಲ್ಲ. ಹಾಗಿದ್ದರೆ ವಾಲ್ಟಿನ ಬಾಗಿಲು ತಟ್ಟಲು ಸೇವೆಯ ಕೈಯಲ್ಲಿರಬೇಕಾದ ಮೊದಲ ಕೀಲಿ ಎಲ್ಲಿ? ಅದನ್ನಿಡಲು ಮತ್ತೆ ಒಂದು ಮೀಟರ್ ಬೋರ್ಡ್ ಹುಡುಕಬೇಕು. ಈ ಕಸುಬಿನವರು ಈ ಪ್ರಶ್ನೆಗೆ ‘ಸೀಕ್ರೆಟ್ ಝೀರೋ’ ಎಂದು ಹೆಸರಿಟ್ಟುಕೊಂಡಿದ್ದಾರೆ. ಉತ್ತರ ಆಯಾ ಕ್ಲೌಡಿನವರ ಜಾಮೀನಿನ ಮೇಲೆ ನಿಂತಿದೆ.

ಇತ್ತ ಸ್ಕಾಟ್ ಏನಾದ? ಎಲ್ಲ ಊರಿನವರಿಗೂ ಗೊತ್ತಿದ್ದ ಆ ಜೋಡಿ ಅಪಾಯವೆಂದು ಮುಂದಿನ ಆವೃತ್ತಿಗಳಲ್ಲಿ ಒರಾಕಲ್ ಅವನ ಖಾತೆಗೆ ಬೀಗ ಜಡಿದೇ ಕಳಿಸತೊಡಗಿತು. 2007ರ 11ಜಿ ಆವೃತ್ತಿಯಿಂದ ಪಾಸ್‌ವರ್ಡಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ಭೇದವೂ ಬಂತು. ಲ್ಯಾಬ್ ಮಾತ್ರ ನಡೆಯಲೇಬೇಕಲ್ಲ. ಹಾಗಾಗಿ ಮೊದಲ ದಿನ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಸಾಲು ಬರೆಯುತ್ತಾರೆ: ‘ಆಲ್ಟರ್ ಯೂಸರ್ ಸ್ಕಾಟ್ ಅಕೌಂಟ್ ಅನ್‌ಲಾಕ್’. ಅದರ ಮುಂದೆ ‘ಐಡೆಂಟಿಫೈಡ್ ಬೈ’ ಎಂದು ಬರೆದು, ಎಲ್ಲರೂ ರೆಕಾರ್ಡಿನಲ್ಲಿ ಇಳಿಸಿಕೊಳ್ಳಲಿ ಎಂದು ಚಿಕ್ಕಕ್ಷರದಲ್ಲಿ ಸ್ಪಷ್ಟವಾಗಿ ‘ಟೈಗರ್’ ಎಂದು ಸೇರಿಸುತ್ತಾರೆ.